ಅಂಗಳದ ಹಾವಸೆಯಿಂದ ಕೆನ್ನೆಯ ಒಳಪದರದವರೆಗೆ: ಎರಡು ಬಗೆಯ ಜೀವಕೋಶಗಳನ್ನು ಮನೆಯಲ್ಲೇ ನೋಡುವ ಕ್ರಮ

ಉಡುಪಿಯ ಹತ್ತಿರದ ನಮ್ಮ ಮನೆಯ ಜಗಲಿಗೆ ಸಂಜೆ ಹೊತ್ತು ಏಳೆಂಟು ಮಕ್ಕಳು ಪಾಠಕ್ಕೆ ಬರುತ್ತಾರೆ. ಜೀವಕೋಶದ ಪಾಠ ಶುರುವಾದರೆ ಎಲ್ಲರ ಪುಸ್ತಕದಲ್ಲೂ ಒಂದೇ ಪಟ್ಟಿ. ಎಡಗಡೆ ಪ್ರೋಕ್ಯಾರಿಯೋಟ್, ಅಂದರೆ ಬ್ಯಾಕ್ಟೀರಿಯಾದಂಥವು. ಬಲಗಡೆ ಯೂಕ್ಯಾರಿಯೋಟ್, ಅಂದರೆ ಗಿಡ, ಪ್ರಾಣಿ, ನಮ್ಮಂಥವರ ಕೋಶಗಳು. ಕೋಶಕೇಂದ್ರ ಇಲ್ಲ, ಇದೆ. ಮೈಟೋಕಾಂಡ್ರಿಯಾ ಇಲ್ಲ, ಇದೆ. ಚಿಕ್ಕದು, ದೊಡ್ಡದು. ಬಾಯಿಪಾಠ ಮಾಡಿ ಬರೆದರೆ ಮಾರ್ಕು ಸಿಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಎಷ್ಟು ಚಿಕ್ಕದು, ಯಾವುದಕ್ಕಿಂತ ಚಿಕ್ಕದು ಅಂತ ಕೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ. ನೋಡದೇ ಇರುವುದನ್ನು ಹೇಗೆ ಹೇಳುವುದು, ಅಲ್ವಾ?

ಹಾಗಾಗಿ ನಾನು ಕೆಲವು ವರ್ಷಗಳಿಂದ ಪಟ್ಟಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನೋಡುವುದು, ಅಳೆಯುವುದು, ಚಿತ್ರ ಬರೆಯುವುದು. ಅದಕ್ಕೆ ಬೇಕಾದ್ದೆಲ್ಲ ಕರಾವಳಿಯ ಅಡುಗೆಮನೆಯಲ್ಲೂ ಮಳೆಗಾಲದ ಅಂಗಳದಲ್ಲೂ ಇದೆ. ಅದೇ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಜೊತೆ ಕೂತು ಮಾಡುವ ಅಪ್ಪ ಅಮ್ಮಂದಿರಿಗೂ ಇದು ಆಗುತ್ತದೆ, ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡವರಿಗೂ ಆಗುತ್ತದೆ.

ಮೊದಲು ಸಾಮಾನು

ಶಾಲೆಯಲ್ಲಿ ಇರುವಂಥ ಸಾದಾ ಮೈಕ್ರೋಸ್ಕೋಪ್ ಸಾಕು. ಕಣ್ಣಿಡುವ ಮಸೂರ 10 ಪಟ್ಟು, ಕೆಳಗಿನ ಮಸೂರಗಳು 10 ಮತ್ತು 40 ಪಟ್ಟು ಇರಲಿ. ಎರಡನ್ನೂ ಗುಣಿಸಿದರೆ 100 ಮತ್ತು 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಎಣ್ಣೆ ಹನಿ ಹಾಕಿ ನೋಡುವ 100 ಪಟ್ಟಿನ ಮಸೂರ ಇದ್ದರೆ ಮೊಸರಿನ ಬ್ಯಾಕ್ಟೀರಿಯಾ ಚೆನ್ನಾಗಿ ಕಾಣುತ್ತದೆ, ಇಲ್ಲದಿದ್ದರೂ ಉಳಿದ ಕೆಲಸ ನಿಲ್ಲುವುದಿಲ್ಲ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡ ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಅಂತ ಒಂದನ್ನು ಮಾಡಿದೆ. ಸುಮಾರು 140 ಪಟ್ಟು ತೋರಿಸುತ್ತದೆ. ಅದು ಕೈಲಿದ್ದರೆ ನೀರುಳ್ಳಿ, ಕೆನ್ನೆ, ಹಾವಸೆ ಮೂರನ್ನೂ ನೋಡಬಹುದು. ಮೊಸರಿಗೆ ಅದು ಸಾಲದು.

ಜೊತೆಗೆ ಗಾಜಿನ ಸ್ಲೈಡು, ತೆಳು ಕವರ್ ಸ್ಲಿಪ್, ಡ್ರಾಪರ್, ಒಂದು ಸೂಜಿ, ಹಳೇ ಬ್ಲೇಡು, ಒರೆಸಲು ಹತ್ತಿ ಬಟ್ಟೆ. ಬಣ್ಣಕ್ಕೆ ಎರಡು: ಅಯೋಡಿನ್ ಮತ್ತು ಮೆಥಿಲೀನ್ ಬ್ಲೂ. ಮೆಥಿಲೀನ್ ಬ್ಲೂ ಹುಡುಕಿ ಸುತ್ತುವುದು ಬೇಡ, ಅಕ್ವೇರಿಯಂ ಮೀನಿನ ಅಂಗಡಿಯಲ್ಲಿ ಮೀನಿನ ಔಷಧಿ ಅಂತ ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ. ಹಳೇ ಅಂಗಿ ಹಾಕಿಕೊಂಡು ಕೂರಿ. ಆ ನೀಲಿ ಒಮ್ಮೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ.

ಎರಡನೆಯದು: ಅಳತೆ

ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ, ಮುಂದಿನ ಎಲ್ಲಾ ಮಾತೂ ಇದರ ಮೇಲೇ ನಿಂತಿದೆ.

ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ಸ್ಲೈಡಿನ ಜಾಗದಲ್ಲಿಟ್ಟು 100 ಪಟ್ಟಿನಲ್ಲಿ ನೋಡಿ. ಮಿಲಿಮೀಟರ್ ಗೆರೆಗಳು ದಪ್ಪ ಕಂಬದ ಹಾಗೆ ಕಾಣುತ್ತವೆ. ಆ ದುಂಡು ನೋಟದ ಅಡ್ಡಗಲ ಎಷ್ಟು ಮಿಲಿಮೀಟರ್ ಅಂತ ಬರೆದುಕೊಳ್ಳಿ. ನಮ್ಮ ಮನೆಯದರಲ್ಲಿ 1.8 ಮಿಲಿಮೀಟರ್, ಅಂದರೆ 1800 ಮೈಕ್ರೋಮೀಟರ್. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೇ ಮೈಕ್ರೋಮೀಟರ್. 400 ಪಟ್ಟಿಗೆ ಹೋದರೆ ನೋಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, 450 ಮೈಕ್ರೋಮೀಟರ್. 1000 ಪಟ್ಟಿನಲ್ಲಿ 180. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಮೈಕ್ರೋಸ್ಕೋಪಿಗೇ ಅಂಟಿಸಿಬಿಡಿ.

ಮೂರನೆಯದು: ನೀರುಳ್ಳಿ ಮತ್ತು ಉಪ್ಪು

ಕೆಂಪು ನೀರುಳ್ಳಿಯನ್ನು ನಾಲ್ಕು ಹೋಳು ಮಾಡಿ, ಒಂದು ಪದರ ತೆಗೆಯಿರಿ. ಅದನ್ನು ಮುರಿದರೆ ಹೊರಮೈಯಲ್ಲಿ ನೇರಳೆ ಬಣ್ಣದ ತೆಳು ಸಿಪ್ಪೆ ಎದ್ದು ಬರುತ್ತದೆ. ಉಗುರಿನಷ್ಟು ಸಾಕು. ಸ್ಲೈಡಿನ ಮೇಲೆ ಒಂದು ಹನಿ ನೀರು ಹಾಕಿ, ಸಿಪ್ಪೆಯನ್ನು ಮಡಚದ ಹಾಗೆ ಇಟ್ಟು, ಕವರ್ ಸ್ಲಿಪ್ಪನ್ನು ಒಂದು ಬದಿಯಿಂದ ಓರೆಯಾಗಿ ನಿಧಾನಕ್ಕೆ ಇಳಿಸಿ. ಹಾಗೇ ಬೀಳಿಸಿದರೆ ಗಾಳಿಗುಳ್ಳೆ ಸೇರುತ್ತದೆ. ಕಪ್ಪು ಅಂಚಿನ ದುಂಡು ಗುಳ್ಳೆಯನ್ನು ನೋಡಿ ಜೀವಕೋಶ ಅಂದುಕೊಳ್ಳದ ಮಗುವನ್ನು ನಾನು ಇನ್ನೂ ನೋಡಿಲ್ಲ.

ಮುರಕಲ್ಲಿನ ಗೋಡೆ ಕಟ್ಟಿದ ಹಾಗೆ ಸಾಲುಸಾಲು ಕೋಶಗಳು ಕಾಣುತ್ತವೆ. ಈಗ ಉದ್ದಕ್ಕೆ ಎಣಿಸಿ. 1800 ಮೈಕ್ರೋಮೀಟರಿನಲ್ಲಿ ಆರು ಕೋಶ ಹಿಡಿದರೆ ಒಂದೊಂದೂ 300 ಮೈಕ್ರೋಮೀಟರ್ ಉದ್ದ. ಬಿಳಿ ಒಳಸಿಪ್ಪೆಗೆ ಅಯೋಡಿನ್ ಹಾಕಿ ನೋಡಿದರೆ ಪ್ರತಿ ಕೋಶದ ಒಂದು ಪಕ್ಕದಲ್ಲಿ ಹಳದಿ ಕಂದು ಬಣ್ಣದ ಚುಕ್ಕೆ ಕಾಣುತ್ತದೆ. ಅದೇ ಕೋಶಕೇಂದ್ರ, ಕೋಶದ ಡಿಎನ್‌ಎ ಇರುವ ಜಾಗ. ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1831ರಲ್ಲಿ ಆರ್ಕಿಡ್ ಗಿಡದ ಕೋಶಗಳಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಅದಕ್ಕೂ ಮುಂಚೆ, 1665ರಲ್ಲಿ, ರಾಬರ್ಟ್ ಹುಕ್ ಬಿರಡೆ ಮರದ ತೊಗಟೆಯಲ್ಲಿ ಕಂಡದ್ದು ಬರೀ ಖಾಲಿ ಗೋಡೆಗಳನ್ನು. ಒಳಗಿನ ಜೀವ ಸತ್ತು ಹೋಗಿತ್ತು.

ಕೋಶಕೇಂದ್ರ ಪಕ್ಕಕ್ಕೆ ಯಾಕೆ ಸರಿದಿದೆ? ನಡುವಿನ ಜಾಗವನ್ನೆಲ್ಲ ರಸದಾನಿ ಅನ್ನುವ ನೀರು ತುಂಬಿದ ಚೀಲ ಹಿಡಿದಿದೆ. ನೇರಳೆ ಬಣ್ಣ ಇರುವುದೂ ಅದರೊಳಗೇ. ಇದನ್ನು ಕಣ್ಣಾರೆ ನೋಡಬೇಕಾದರೆ ನೇರಳೆ ಸಿಪ್ಪೆಯ ಸ್ಲೈಡಿಗೆ ಒಂದು ಬದಿಯಿಂದ ಗಟ್ಟಿ ಉಪ್ಪುನೀರು ಬಿಡಿ, ಇನ್ನೊಂದು ಬದಿಯಲ್ಲಿ ಕಾಗದದ ಚೂರಿಟ್ಟು ಹಳೇ ನೀರನ್ನು ಹೀರಿಸಿ. ಎರಡು ಮೂರು ನಿಮಿಷ ಬಿಡದೆ ನೋಡುತ್ತಿರಿ. ನೇರಳೆ ಭಾಗ ಗೋಡೆಯನ್ನು ಬಿಟ್ಟು ಒಳಕ್ಕೆ ಸರಿಯುತ್ತದೆ, ಚೌಕ ಇದ್ದದ್ದು ಉಂಡೆಯಾಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಭಿತ್ತಿ ಆಕಾರ ಹಿಡಿದಿಡುತ್ತದೆ, ಪೊರೆ ಯಾವುದು ಒಳಗೆ ಯಾವುದು ಹೊರಗೆ ಅಂತ ತೀರ್ಮಾನ ಮಾಡುತ್ತದೆ.

ಮಾವಿನ ಮಿಡಿಗೆ ಉಪ್ಪು ಹಾಕಿದ ಮೇಲೆ ಭರಣಿಯಲ್ಲಿ ಆಗುವುದೂ ಇದೇ. ಒಂದು ಹನಿ ನೀರು ಹಾಕದಿದ್ದರೂ ಕೆಲವು ದಿನಗಳಲ್ಲಿ ಮಿಡಿ ಚಿರುಟಿ, ಸುತ್ತ ನೀರು ನಿಂತಿರುತ್ತದೆ. ಆ ನೀರು ಮಿಡಿಯ ಕೋಶಗಳೊಳಗಿಂದ ಬಂದದ್ದು. ಅಷ್ಟು ಉಪ್ಪಿನಲ್ಲಿ ಬಿದ್ದ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೂ ಅದೇ ಗತಿ, ಅವುಗಳ ನೀರೂ ಹೊರಗೆ ಹೋಗುತ್ತದೆ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಮಳೆಗಾಲದ ಆಟಿ ತಿಂಗಳವರೆಗೆ ಇಡಲು ಆಗುವುದು ಅದಕ್ಕೇ. ನೀರಿನ ಈ ವಿಷಯದಲ್ಲಿ ಎರಡೂ ಬಗೆಯ ಕೋಶಗಳು ಒಂದೇ ನಿಯಮಕ್ಕೆ ಒಳಪಟ್ಟಿವೆ.

ನಾಲ್ಕನೆಯದು: ಒಂದೇ ನೋಟದಲ್ಲಿ ಎರಡೂ

ನನಗೆ ಎಲ್ಲಕ್ಕಿಂತ ಇಷ್ಟದ ಸ್ಲೈಡು ಇದು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತೆಗೆದರೆ ಒಳ್ಳೆಯದು.

ಹೊಸ ಕಿವಿಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಉಜ್ಜಿ. ಕೆರೆಯುವುದು ಬೇಡ. ಅದನ್ನು ಸ್ಲೈಡಿನ ಮೇಲೆ ಸವರಿ, ಒಣಗಲು ಬಿಟ್ಟು, ತೆಳು ಮಾಡಿದ ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ, ಒಂದು ನಿಮಿಷ ಕಾದು, ನೀರಿನಲ್ಲಿ ನಿಧಾನ ತೊಳೆಯಿರಿ. ಪ್ರತಿಯೊಬ್ಬರೂ ತಮ್ಮ ಕಡ್ಡಿಯನ್ನೇ ಬಳಸಬೇಕು, ಬಳಸಿದ್ದನ್ನು ಬ್ಲೀಚಿಂಗ್ ಪೌಡರ್ ಕಲಸಿದ ನೀರಿಗೆ ಹಾಕಬೇಕು.

400 ಪಟ್ಟಿನಲ್ಲಿ ನೋಡಿದರೆ ತಿಳಿನೀಲಿ ಬಣ್ಣದ, ಅಂಚು ಮಡಚಿದ, ಹಪ್ಪಳದ ಹಾಗೆ ತೆಳುವಾದ ಕೋಶಗಳು ಕಾಣುತ್ತವೆ. ನಡುವೆ ಗಾಢ ನೀಲಿ ಕೋಶಕೇಂದ್ರ. ಅಗಲ ಲೆಕ್ಕ ಹಾಕಿದರೆ ಐವತ್ತು ಅರುವತ್ತು ಮೈಕ್ರೋಮೀಟರ್ ಬರುತ್ತದೆ. ನೀರುಳ್ಳಿಯ ಹಾಗೆ ಗೋಡೆ ಇಲ್ಲ, ಅದಕ್ಕೇ ಆಕಾರ ಹೀಗೆ ಒರಟೊರಟು. ಈಗ ಫೋಕಸ್ ತಿರುಗಣೆಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ. ಆ ಕೋಶದ ಮೇಲೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕೆಗಳು, ಕೆಲವು ಜೋಡಿ, ಕೆಲವು ಗೆರೆ. ಅವು ನಿಮ್ಮ ಬಾಯಿಯ ಬ್ಯಾಕ್ಟೀರಿಯಾಗಳು. ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1683ರಲ್ಲಿ ತಮ್ಮ ಹಲ್ಲಿನ ಪಾಚಿಯನ್ನು ತಾವೇ ಮಾಡಿದ ಮಸೂರದಡಿ ಇಟ್ಟು ನೋಡಿದ್ದೂ ಇಂಥವನ್ನೇ.

ಒಂದು ಕೋಶಕೇಂದ್ರದ ಅಗಲದಲ್ಲಿ ಎಷ್ಟು ಚುಕ್ಕೆ ಹಿಡಿಯಬಹುದು ಅಂತ ಮಕ್ಕಳಿಗೆ ಅಂದಾಜು ಮಾಡಲು ಹೇಳಿ. ಒಂದು ಚುಕ್ಕೆ ಸುಮಾರು ಒಂದು ಮೈಕ್ರೋಮೀಟರ್. ಇಡೀ ಬ್ಯಾಕ್ಟೀರಿಯಾ ನಮ್ಮ ಕೋಶದ ಒಂದು ಭಾಗಕ್ಕಿಂತ ಎಷ್ಟು ಚಿಕ್ಕದು ಅನ್ನುವುದು ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಇಷ್ಟು ನೋಡಿದ ಮೇಲೆ ನಮ್ಮಲ್ಲಿ ಬರುವ ಒಬ್ಬಳು ಹುಡುಗಿ ಪಟ್ಟಿಯ ‘ಚಿಕ್ಕದು, ದೊಡ್ಡದು’ ಅನ್ನುವ ಸಾಲನ್ನು ಹೊಡೆದುಹಾಕಿ, ಅಲ್ಲಿ ‘1’ ಮತ್ತು ‘50’ ಅಂತ ಬರೆದಳು.

ಐದನೆಯದು: ಅಂಗಳಕ್ಕೆ ಇಳಿಯಿರಿ

ಮಳೆ ಹಿಡಿದು ಹದಿನೈದು ದಿನ ಆದರೆ ನಮ್ಮ ಕಡೆ ಅಂಗಳ ಹೇಗಿರುತ್ತದೆ ಅಂತ ಗೊತ್ತಲ್ಲ. ಬಾವಿಕಟ್ಟೆಯಿಂದ ಮೆಟ್ಟಿಲವರೆಗೆ ಹಾವಸೆ ಕಟ್ಟಿ, ಕಾಲಿಟ್ಟರೆ ಜಾರುತ್ತದೆ. ಕೆಲವರು ಅಡಿಕೆ ಮರದ ದಬ್ಬೆ ಹಾಸುತ್ತಾರೆ, ಕೆಲವರು ಸುಣ್ಣವೋ ಬ್ಲೀಚಿಂಗ್ ಪೌಡರೋ ಹಾಕುತ್ತಾರೆ. ಹಾಕುವ ಮೊದಲು ಒಂದು ಚಮಚ ನಮಗೆ ತೆಗೆದಿಡಿ.

ಎರಡು ಜಾಗದಿಂದ ತನ್ನಿ. ಒಂದು, ಕಂಪೌಂಡ್ ಗೋಡೆಯ ಮೇಲೆ ವೆಲ್ವೆಟ್ ಹಾಸಿದ ಹಾಗೆ ಬೆಳೆಯುವ ಸಣ್ಣ ಎಲೆಗಳ ಹಾವಸೆ ಗಿಡ. ಇನ್ನೊಂದು, ನೆಲದ ಮೇಲಿನ ಲೋಳೆ. ಅದರಲ್ಲೂ ಕಪ್ಪು ಹಸಿರು ಅಥವಾ ನೀಲಿ ಹಸಿರು ಬಣ್ಣದ್ದನ್ನು ಆರಿಸಿ.

ಮೊದಲನೆಯದರಿಂದ ಸೂಜಿಯಲ್ಲಿ ಒಂದೇ ಎಲೆ ಕಿತ್ತು ನೀರಿನ ಹನಿಯಲ್ಲಿಡಿ. ಆ ಎಲೆ ಹೆಚ್ಚಿನ ಕಡೆ ಒಂದೇ ಕೋಶದಷ್ಟು ದಪ್ಪ. ಕತ್ತರಿಸುವುದು ಬೇಡ, ಬಣ್ಣವೂ ಬೇಡ. ಪ್ರತಿ ಕೋಶದೊಳಗೆ ಹಸಿರು ಕಾಳುಗಳು ಬೇರೆ ಬೇರೆಯಾಗಿ, ಎಣಿಸಬಹುದಾದ ಹಾಗೆ ಇರುತ್ತವೆ. ಅವೇ ಕ್ಲೋರೋಪ್ಲಾಸ್ಟ್‌ಗಳು. ಬೆಳಕಿನಿಂದ ಸಕ್ಕರೆ ಮಾಡುವ ಕೆಲಸ ಅಲ್ಲೇ ನಡೆಯುವುದು, ಉಳಿದ ಕೋಶರಸಕ್ಕೆ ಬಣ್ಣವೇ ಇಲ್ಲ.

ಈಗ ಲೋಳೆ. ಸೂಜಿಮೊನೆಯಷ್ಟು ಸಾಕು, ಜಾಸ್ತಿ ಹಾಕಿದರೆ ಏನೂ ಕಾಣುವುದಿಲ್ಲ. ನೀರಿನಲ್ಲಿ ಬಿಡಿಸಿ 100ರಲ್ಲಿ ಹುಡುಕಿ, 400ಕ್ಕೆ ಹೋಗಿ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ ಮಲಗಿಸಿದ ಹಾಗೆ ಇರುವ ಎಳೆಗಳು ಸಿಕ್ಕಿದರೆ ಅದು ಆಸಿಲಟೋರಿಯಾದಂಥ ಸಯನೋಬ್ಯಾಕ್ಟೀರಿಯಾ. ಒಂದೊಂದು ನಾಣ್ಯವೂ ಒಂದು ಕೋಶ. ಮಣಿಸರದ ಹಾಗೆ ಇದ್ದು, ನಡುನಡುವೆ ಒಂದು ದೊಡ್ಡ, ಬಣ್ಣ ಕಡಿಮೆ ಇರುವ ಮಣಿ ಇದ್ದರೆ ನಾಸ್ಟಾಕ್‌ನಂಥದ್ದು. ಆ ದೊಡ್ಡ ಮಣಿ ಗಾಳಿಯ ನೈಟ್ರೋಜನ್ನನ್ನು ಗಿಡಗಳಿಗೆ ಬೇಕಾದ ರೂಪಕ್ಕೆ ತರುತ್ತದೆ. ಗದ್ದೆಯ ನೀರಿನಲ್ಲೂ ಇಂಥವು ಇರುತ್ತವೆ, ಭತ್ತಕ್ಕೆ ಪುಕ್ಕಟೆ ಗೊಬ್ಬರ.

ಎರಡು ಸ್ಲೈಡನ್ನೂ ಬದಲಿಸಿ ಬದಲಿಸಿ ನೋಡಿ. ಹಾವಸೆ ಗಿಡದಲ್ಲಿ ಹಸಿರು ಪೊಟ್ಟಣ ಕಟ್ಟಿದ ಹಾಗಿದೆ. ಸಯನೋಬ್ಯಾಕ್ಟೀರಿಯಾದಲ್ಲಿ ಬಣ್ಣ ಇಡೀ ಕೋಶದಲ್ಲಿ ಹರಡಿದೆ, ಪೊಟ್ಟಣ ಇಲ್ಲ. ಹಾಗಂತ ಬೆಳಕು ಹಿಡಿಯುವ ಪೊರೆಗಳು ಅದರಲ್ಲಿಲ್ಲ ಅಂತ ಅಲ್ಲ. ಪೊರೆಗಳಿವೆ, ಅವುಗಳನ್ನು ಸುತ್ತಿ ಬೇರೆ ಕೋಣೆ ಮಾಡಿಲ್ಲ, ಅಷ್ಟೇ. ‘ಪ್ರೋಕ್ಯಾರಿಯೋಟ್‌ಗಳಲ್ಲಿ ಪೊರೆಯಿಂದ ಸುತ್ತುವರಿದ ಕಣದಂಗಗಳಿಲ್ಲ’ ಅನ್ನುವ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಇನ್ನೂ ಸಿಕ್ಕಿಲ್ಲ. ಮೊದಲ ಪ್ರೋಕ್ಯಾರಿಯೋಟ್ ಆಗಿ ಮೊಸರನ್ನು ಎಲ್ಲರೂ ಹೇಳುತ್ತಾರೆ. ನಾನು ಅಂಗಳದ ಈ ಲೋಳೆಯನ್ನೇ ಹೇಳುತ್ತೇನೆ, ಬಣ್ಣ ಹಾಕದೆ, ಸಾಯಿಸದೆ, ಸಾದಾ ಮಸೂರದಲ್ಲೇ ಕಾಣುತ್ತದೆ. ಆಸಿಲಟೋರಿಯಾ ಮೆಲ್ಲಗೆ ತೂಗುತ್ತಾ ಜಾರುವುದನ್ನು ಮೊದಲ ಸಲ ಕಂಡಾಗ ಒಬ್ಬ ಹುಡುಗ ‘ಟೀಚರ್, ಇದು ಹಂದ್ತಾ ಉಂಟು!’ ಅಂತ ಕೂಗಿದ ದನಿ ಈಗಲೂ ಕಿವಿಯಲ್ಲಿದೆ.

ಆರನೆಯದು: ಮೊಸರು, ಕಳ್ಳು

ಇದು ಸ್ವಲ್ಪ ಕಷ್ಟದ್ದು. ಮೊದಲ ವರ್ಷ ನಾವು ಗಟ್ಟಿ ಮೊಸರನ್ನೇ ಸವರಿದೆವು. ಕಂಡದ್ದೆಲ್ಲ ಬೆಣ್ಣೆಯ ಗುಂಡುಗಳು, ಮಕ್ಕಳು ಅವನ್ನೇ ಬ್ಯಾಕ್ಟೀರಿಯಾ ಅಂತ ಚಿತ್ರ ಬರೆದರು, ನಾನೂ ಸರಿ ಹಾಕಿದೆ. ತಪ್ಪು ಗೊತ್ತಾಗಿ ಮರುವಾರ ಎಲ್ಲರ ಪುಸ್ತಕ ತಿದ್ದಿದೆವು. ಈಗ ಮೇಲೆ ನಿಂತ ತಿಳಿನೀರನ್ನು ಮಾತ್ರ ತೆಗೆಯುತ್ತೇವೆ. ಅದನ್ನೂ ಹತ್ತು ಪಾಲು ನೀರಿಗೆ ಒಂದು ಪಾಲಿನ ಲೆಕ್ಕದಲ್ಲಿ ತೆಳು ಮಾಡಿ, ಒಂದು ಹನಿಯನ್ನು ತೆಳ್ಳಗೆ ಹರಡಿ, ಪೂರ್ತಿ ಒಣಗಿಸಿ, ಸ್ಲೈಡಿನ ಅಡಿಯನ್ನು ಮೇಣದ ಬತ್ತಿಯ ಜ್ವಾಲೆಯ ಮೇಲೆ ಎರಡು ಮೂರು ಸಲ ಬೇಗ ಬೇಗ ದಾಟಿಸಬೇಕು. ಮಸಿ ಹಿಡಿದರೆ ಒರೆಸಿ. ಹೀಗೆ ಮಾಡಿದರೆ ಬ್ಯಾಕ್ಟೀರಿಯಾ ಗಾಜಿಗೆ ಅಂಟಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಆಮೇಲೆ ನೀಲಿ ಬಣ್ಣ. ಎಣ್ಣೆ ಹನಿಯ ಮಸೂರದಲ್ಲಿ ಕಡ್ಡಿಗಳೂ, ಸರದ ಹಾಗೆ ಸೇರಿದ ಗುಂಡುಗಳೂ ಕಾಣುತ್ತವೆ. ಕಡ್ಡಿಗಳು ಲ್ಯಾಕ್ಟೋಬ್ಯಾಸಿಲಸ್ ಗುಂಪಿನವು. ಒಳಗೆ ಗಾಢ ಚುಕ್ಕೆ ಹುಡುಕಿ ನೋಡಿ, ಸಿಗುವುದಿಲ್ಲ. ಇಡೀ ಕಡ್ಡಿಯೇ ಒಂದೇ ನೀಲಿ.

ಪಕ್ಕದ ಮನೆಯಲ್ಲಿ ಹಬ್ಬಕ್ಕೆ ಇಡ್ಲಿಯಂಥ ಸನ್ನಾ ಮಾಡಲು ಕಳ್ಳು ತರಿಸಿದರೆ ನಾನು ಅರ್ಧ ಚಮಚ ಕೇಳಿ ಇಟ್ಟುಕೊಳ್ಳುತ್ತೇನೆ. ಕಳ್ಳಿನಲ್ಲಿ ಯೀಸ್ಟ್ ತುಂಬಾ ಇರುತ್ತದೆ, ಅದರ ಜೊತೆಗೆ ಬ್ಯಾಕ್ಟೀರಿಯಾಗಳೂ ಇರುತ್ತವೆ. ಯೀಸ್ಟ್ ಮೊಟ್ಟೆಯಾಕಾರ, ಐದರಿಂದ ಹತ್ತು ಮೈಕ್ರೋಮೀಟರ್, ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಮೊಗ್ಗು ಬಂದಿರುತ್ತದೆ. ಒಂದೇ ಕೋಶದ ಜೀವಿ ಆದರೂ ಅದಕ್ಕೆ ಕೋಶಕೇಂದ್ರ ಇದೆ, ಮೈಟೋಕಾಂಡ್ರಿಯಾ ಇದೆ. ಆ ಲೆಕ್ಕದಲ್ಲಿ ಯೀಸ್ಟ್ ಮೊಸರಿನ ಬ್ಯಾಕ್ಟೀರಿಯಾಕ್ಕಿಂತ ನಮಗೆ ಹತ್ತಿರದ ನೆಂಟ. ‘ಒಂದೇ ಕೋಶ ಅಂದರೆ ಪ್ರೋಕ್ಯಾರಿಯೋಟ್’ ಅನ್ನುವ ತಪ್ಪು ಇಲ್ಲಿ ತಾನಾಗಿ ಬಿಟ್ಟುಹೋಗುತ್ತದೆ. ಕಳ್ಳು ಸಿಗದಿದ್ದರೆ ಬೇಕರಿ ಯೀಸ್ಟನ್ನು ಉಗುರು ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಅರ್ಧ ಗಂಟೆ ಬಿಡಿ. ರುಬ್ಬಿದ ಹಿಟ್ಟಿನಲ್ಲೇ ನೋಡುವುದಾದರೆ ಅಯೋಡಿನ್ ಹಾಕಿ. ಪಿಷ್ಟದ ಕಣಗಳೆಲ್ಲ ಕಡುನೀಲಿ ಆಗುತ್ತವೆ, ಯೀಸ್ಟ್ ಹಳದಿಯಾಗೇ ಉಳಿಯುತ್ತದೆ.

ಏಳನೆಯದು: ಕಾಣದೇ ಇರುವುದನ್ನು ಚಿತ್ರಕ್ಕೆ ಸೇರಿಸುವುದು

ಸಾದಾ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಎಷ್ಟು ದುಬಾರಿ ಮಸೂರ ತಂದರೂ ಅಷ್ಟೇ. ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಅದರ ಹತ್ತನೇ ಒಂದರಷ್ಟು. ಅದಕ್ಕೇ ಅದು ಕಾಣಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬರಬೇಕಾಯಿತು, 1950ರ ದಶಕದಲ್ಲಿ ಜಾರ್ಜ್ ಪಲಾಡೆ ಅದನ್ನು ವಿವರಿಸಿದರು.

ಈಗ ಪುಸ್ತಕದ ಚಿತ್ರ ತೆರೆಯಿರಿ. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಸಾಮಾನ್ಯವಾಗಿ ಒಂದೇ ಬಳೆಯ ಹಾಗೆ, ಕೋಶರಸದಲ್ಲೇ ಮುದುಡಿಕೊಂಡಿರುತ್ತದೆ. ಕರುಳಿನಲ್ಲಿರುವ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾದ್ದಾದರೆ ಸುಮಾರು 46 ಲಕ್ಷ ಅಕ್ಷರಗಳ ಉದ್ದ. ಪ್ಲಾಸ್ಮಿಡ್ ಅನ್ನುವ ಸಣ್ಣ ಬಳೆಗಳೂ ಇರಬಹುದು, ಔಷಧಿಗೆ ಬಗ್ಗದ ಗುಣ ಒಂದರಿಂದ ಇನ್ನೊಂದಕ್ಕೆ ದಾಟುವುದು ಎಷ್ಟೋ ಸಲ ಇವುಗಳ ಮೂಲಕ. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ಇನ್ನೂ ಮುಗಿದಿರುವುದಿಲ್ಲ, ಆಗಲೇ ರೈಬೋಸೋಮ್ ಬಂದು ಅಂಟಿಕೊಂಡು ಪ್ರೋಟೀನ್ ಕಟ್ಟಲು ಶುರು ಮಾಡುತ್ತದೆ. ನಡುವೆ ಪೊರೆ ಇಲ್ಲವಲ್ಲ. ಒಳ್ಳೆಯ ಆಹಾರ, ಬಿಸಿ ಇದ್ದರೆ ಇ. ಕೊಲೈ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ.

ನಮ್ಮ ಕೋಶದಲ್ಲಿ ನಕಲು ತಯಾರಾಗುವುದು ಕೋಶಕೇಂದ್ರದ ಒಳಗೆ. ಅಲ್ಲೇ ಬೇಡದ ತುಂಡು ಕತ್ತರಿಸಿ ಸರಿಮಾಡಿ, ರಂಧ್ರಗಳ ಮೂಲಕ ಹೊರಗೆ ಕಳಿಸಿ, ಆಮೇಲೆ ರೈಬೋಸೋಮ್ ಅದನ್ನು ಓದುತ್ತದೆ. ನಿಧಾನ, ನಿಜ. ಆದರೆ ಅದೇ ಡಿಎನ್‌ಎ ಇಟ್ಟುಕೊಂಡು ಒಂದು ಕೋಶ ನರ ಆಗಲು, ಇನ್ನೊಂದು ಚರ್ಮ ಆಗಲು ಈ ಹಂತಗಳು ಅವಕಾಶ ಕೊಡುತ್ತವೆ. ಹೀಗೆ ಕಟ್ಟಿದ ಪ್ರೋಟೀನ್‌ಗಳಲ್ಲಿ ಹೊರಗೆ ಹೋಗಬೇಕಾದವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪೊರೆಗಳ ಜಾಲದ ಒಳಗೆ ಇಳಿದು, ಅಲ್ಲಿ ಮಡಚಿ, ಗಾಲ್ಗಿ ಅನ್ನುವ ಪೊರೆಚೀಲಗಳ ಕಟ್ಟಿಗೆ ಹೋಗಿ, ವಿಳಾಸ ಹಚ್ಚಿಸಿಕೊಂಡು ಹೊರಡುತ್ತವೆ. ಲೈಸೋಸೋಮ್ ಹಳತನ್ನು ಕರಗಿಸುತ್ತದೆ. ಮೈಟೋಕಾಂಡ್ರಿಯಾ ಆಹಾರದಿಂದ ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ, ಮಾಡುತ್ತದೆ. ಬ್ಯಾಕ್ಟೀರಿಯಾ ಆ ಕೆಲಸವನ್ನು ತನ್ನ ಕೋಶಪೊರೆಯಲ್ಲೇ ಮುಗಿಸುತ್ತದೆ.

ಇಷ್ಟೆಲ್ಲ ಕೋಣೆ ಯಾಕೆ ಬೇಕು? ಬೆಲ್ಲದ ಅಚ್ಚನ್ನು ಹಾಗೇ ನೀರಿಗೆ ಹಾಕಿ, ಅಷ್ಟೇ ತೂಕದ ಪುಡಿ ಬೆಲ್ಲವನ್ನು ಇನ್ನೊಂದು ಲೋಟಕ್ಕೆ ಹಾಕಿ. ಪುಡಿ ಬೇಗ ಕರಗುತ್ತದೆ, ನೀರು ತಾಗುವ ಮೈ ಜಾಸ್ತಿ. ಬದಿ 1 ಇರುವ ಘನಕ್ಕೆ ಒಳಗಿನ ಪ್ರತಿ ಒಂದು ಪಾಲಿಗೆ 6 ಪಾಲು ಹೊರಮೈ. ಬದಿ 10 ಆದರೆ 0.6 ಮಾತ್ರ. ಬ್ಯಾಕ್ಟೀರಿಯಾ ಚಿಕ್ಕದಾದ್ದರಿಂದ ಬೇಕಾದ್ದು ಹೊರಮೈಯಿಂದ ಬಂದು ಕ್ಷಣದಲ್ಲಿ ಎಲ್ಲ ಕಡೆ ತಲುಪುತ್ತದೆ. ದೊಡ್ಡ ಕೋಶಕ್ಕೆ ಹೊರಮೈ ಸಾಲದು, ಅದಕ್ಕೇ ಒಳಗೇ ಪೊರೆಗಳ ಮಡಿಕೆ, ಒಳಗೇ ಸಾಗಾಟ.

ಎಂಟನೆಯದು: ಮಳೆಗಾಲದ ಮೂರು ಜ್ವರ

ಇದನ್ನು ಮನೆಯಲ್ಲಿ ಸ್ಲೈಡು ಮಾಡುವುದಲ್ಲ, ಕೂತು ಮಾತಾಡುವುದು. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳಲ್ಲಿ ಮಳೆಗಾಲಕ್ಕೆ ಇಲಿಜ್ವರ, ಮಲೇರಿಯಾ, ಡೆಂಗಿ ಮೂರೂ ಕೇಳಿದ ಹೆಸರುಗಳೇ. ಮೂರೂ ಜ್ವರವೇ, ಮೈಕೈ ನೋವೇ. ಮೂಲ ಮಾತ್ರ ಮೂರು ಬೇರೆ ಜಗತ್ತಿನದ್ದು.

ಇಲಿಜ್ವರ ತರುವ ಲೆಪ್ಟೋಸ್ಪೈರಾ ಒಂದು ಬ್ಯಾಕ್ಟೀರಿಯಾ, ಸ್ಪ್ರಿಂಗಿನ ಹಾಗೆ ಸುರುಳಿ. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯ ಬಿರುಕುಗಳ ಮೂಲಕ ಒಳಗೆ ಬರುತ್ತದೆ. ಗದ್ದೆಗೆ ಇಳಿಯುವವರಿಗೆ ಅದಕ್ಕೇ ಜಾಸ್ತಿ. ಬ್ಯಾಕ್ಟೀರಿಯಾದ ರೈಬೋಸೋಮ್ 70ಎಸ್ ಬಗೆಯದ್ದು, ನಮ್ಮ ಕೋಶರಸದಲ್ಲಿರುವುದು 80ಎಸ್. ಎಸ್ ಅನ್ನುವುದು ಯಂತ್ರದಲ್ಲಿ ಜೋರಾಗಿ ತಿರುಗಿಸಿದಾಗ ಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಅನ್ನುವ ಅಳತೆ. ಡಾಕ್ಟರು ಕೊಡುವ ಡಾಕ್ಸಿಸೈಕ್ಲಿನ್ ಆ 70ಎಸ್ ರೈಬೋಸೋಮ್ ಮೇಲೆ ಕೂತು ಅದರ ಕೆಲಸ ನಿಲ್ಲಿಸುತ್ತದೆ, ನಮ್ಮದಕ್ಕೆ ಅಷ್ಟಾಗಿ ತಾಗುವುದಿಲ್ಲ. ಪೆನಿಸಿಲಿನ್ ಇನ್ನೊಂದು ದಾರಿ ಹಿಡಿಯುತ್ತದೆ. ಬ್ಯಾಕ್ಟೀರಿಯಾದ ಗೋಡೆಯ ಪೆಪ್ಟಿಡೋಗ್ಲೈಕನ್ ಹೆಣಿಗೆಯನ್ನು ಕೆಡಿಸುತ್ತದೆ. ನಮ್ಮ ಕೋಶಕ್ಕೆ ಗೋಡೆಯೇ ಇಲ್ಲ. ಪಟ್ಟಿಯ ಎರಡು ಒಣ ಸಾಲುಗಳು ಮೆಡಿಕಲ್ ಶಾಪಿನ ಮಾತ್ರೆ ಪಟ್ಟಿಯಾಗುವುದು ಇಲ್ಲಿ.

ಮಲೇರಿಯಾದ ಪ್ಲಾಸ್ಮೋಡಿಯಂ ಯೂಕ್ಯಾರಿಯೋಟ್, ನಮ್ಮ ಹಾಗೆ ಕೋಶಕೇಂದ್ರ ಇರುವಂಥದ್ದು. ಲ್ಯಾಬಿನಲ್ಲಿ ರಕ್ತದ ಸ್ಲೈಡಿಗೆ ಬಣ್ಣ ಹಾಕಿ ನೋಡುವಾಗ ಕೆಂಪು ರಕ್ತಕಣದೊಳಗೆ ನೀಲಿ ಉಂಗುರ, ಅದರ ಮೇಲೆ ಒಂದು ಕೆಂಪು ಚುಕ್ಕೆ ಕಾಣುತ್ತದೆ. ನಮ್ಮ ಬೆಳೆದ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲ, ಹಿಮೋಗ್ಲೋಬಿನ್‌ಗೆ ಜಾಗ ಬಿಟ್ಟು ಅದು ಹೊರಗೆ ಹೋಗಿರುತ್ತದೆ. ಹಾಗಾದರೆ ಆ ಕೆಂಪು ಚುಕ್ಕೆ ಯಾರದ್ದು? ಪರಾವಲಂಬಿಯ ಕೋಶಕೇಂದ್ರ. ತಂತ್ರಜ್ಞರು ಹುಡುಕುವುದು ಅದನ್ನೇ.

ಡೆಂಗಿ ವೈರಸ್ಸು ಎರಡೂ ಅಲ್ಲ. ಪ್ರೋಟೀನ್ ಮತ್ತು ಪೊರೆಯೊಳಗೆ ಆರ್‌ಎನ್‌ಎ ಸುತ್ತಿಟ್ಟ ಕಣ ಅದು, ಅಗಲ ಸುಮಾರು 50 ನ್ಯಾನೋಮೀಟರ್, ಅಂದರೆ 0.05 ಮೈಕ್ರೋಮೀಟರ್. ತನ್ನ ರೈಬೋಸೋಮೇ ಇಲ್ಲ. ಆಂಟಿಬಯೋಟಿಕ್ ಹೋಗಿ ಕೂರಲು ಅಲ್ಲಿ ಜಾಗವೇ ಇಲ್ಲ ಮಾರಾಯ್ರೇ. ಜ್ವರ ಬಂದ ತಕ್ಷಣ ಮನೆಯಲ್ಲಿ ಉಳಿದ ಮಾತ್ರೆ ನುಂಗಬೇಡಿ, ರಕ್ತಪರೀಕ್ಷೆ ಮಾಡಿಸಿ ಅಂತ ನಾನು ಮಕ್ಕಳ ಮೂಲಕ ಮನೆಮನೆಗೆ ಹೇಳಿ ಕಳಿಸುತ್ತೇನೆ.

ದೊಡ್ಡ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೊಡಿ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾದ ಔಷಧಿಯಾದರೆ ಮಲೇರಿಯಾ ತಡೆಯಲೂ ಅದನ್ನು ಬಳಸುವುದು ಹೇಗೆ? ಪ್ಲಾಸ್ಮೋಡಿಯಂ ಒಳಗೆ ಎಪಿಕೋಪ್ಲಾಸ್ಟ್ ಅಂತ ಒಂದು ಸಣ್ಣ ಅಂಗ ಇದೆ. ಬಹಳ ಹಿಂದೆ ಒಳಸೇರಿದ ಪಾಚಿಯೊಂದರ ಕ್ಲೋರೋಪ್ಲಾಸ್ಟ್‌ನ ಉಳಿಕೆ ಅದು, ಅದರ ರೈಬೋಸೋಮ್ ಬ್ಯಾಕ್ಟೀರಿಯಾದ ಬಗೆಯದ್ದು. ಔಷಧಿ ಹೋಗಿ ಹಿಡಿಯುವುದು ಅಲ್ಲಿ. ಕ್ಲೋರೋಪ್ಲಾಸ್ಟ್ ಮೂಲದಲ್ಲಿ ಸಯನೋಬ್ಯಾಕ್ಟೀರಿಯಾವೇ, ಅಂಗಳದ ಲೋಳೆಯ ವಂಶ. ಮೈಟೋಕಾಂಡ್ರಿಯಾ ಕೂಡ ಹೀಗೆ ಒಳಗೆ ಬಂದ ಇನ್ನೊಂದು ಬ್ಯಾಕ್ಟೀರಿಯಾದಿಂದ ಆದದ್ದು. ಎರಡು ಪೊರೆ, ತನ್ನದೇ ಬಳೆಯಂಥ ಡಿಎನ್‌ಎ, ಬ್ಯಾಕ್ಟೀರಿಯಾ ಬಗೆಯ ರೈಬೋಸೋಮ್ ಅದಕ್ಕೆ ಸಾಕ್ಷಿ. ಲಿನ್ ಮಾರ್ಗುಲಿಸ್ 1967ರಲ್ಲಿ ಇದನ್ನು ಗಟ್ಟಿಯಾಗಿ ವಾದಿಸಿದರು.

ಈಗ ಪಟ್ಟಿ

ಇಷ್ಟು ಆದ ಮೇಲೆ ಪಟ್ಟಿ ಬರೆಯಲು ಹೇಳಿ. ಪುಸ್ತಕ ನೋಡದೆ ಬರೆಯುತ್ತಾರೆ. ಕೆಳಗೆ ಎರಡು ಸಾಲು ಖಾಲಿ ಬಿಡಿಸಿ. ಒಂದು, ಆರ್ಕಿಯಾ. ತೋಟದ ಮನೆಗಳ ಗೋಬರ್ ಗ್ಯಾಸ್ ಗುಂಡಿಯಲ್ಲಿ ಮೀಥೇನ್ ಮಾಡುವವು ಇವೇ. ಕೋಶಕೇಂದ್ರ ಇಲ್ಲ, ಆದರೆ ಬ್ಯಾಕ್ಟೀರಿಯಾವೂ ಅಲ್ಲ. ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಬೇರೆ ಗುಂಪು ಅಂತ ತೋರಿಸಿದರು. ಇನ್ನೊಂದು, ಥಯೋಮಾರ್ಗರಿಟಾ ಮ್ಯಾಗ್ನಿಫಿಕಾ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ಕಾಡಿನ ನೀರಲ್ಲಿ ಮುಳುಗಿದ ಎಲೆಗಳ ಮೇಲೆ ಸಿಕ್ಕಿದ್ದು, 2022ರಲ್ಲಿ ಸುದ್ದಿಯಾಯಿತು. ಬ್ಯಾಕ್ಟೀರಿಯಾವೇ, ಆದರೆ ಉದ್ದ ಸುಮಾರು ಒಂದು ಸೆಂಟಿಮೀಟರ್, ಬರಿಗಣ್ಣಿಗೆ ಕಾಣುತ್ತದೆ. ಡಿಎನ್‌ಎಯನ್ನೂ ಪೊರೆಯ ಚೀಲಗಳಲ್ಲಿ ಇಟ್ಟುಕೊಂಡಿದೆ. ‘1’ ಮತ್ತು ‘50’ ಬರೆದ ಹುಡುಗಿ ಇದನ್ನು ಕೇಳಿ, ತನ್ನ ‘1’ರ ಪಕ್ಕ ‘ಹೆಚ್ಚಾಗಿ’ ಅಂತ ಸೇರಿಸಿದಳು.

ಸ್ಲೈಡುಗಳನ್ನು ಸೋಪಿನ ನೀರಿನಲ್ಲಿ ನೆನೆಸಿ ತೊಳೆಯಿರಿ, ಕೆನ್ನೆಯದ್ದನ್ನು ಮೊದಲು ಬ್ಲೀಚಿಂಗ್ ನೀರಿನಲ್ಲಿ ಹತ್ತು ನಿಮಿಷ ಇಡಿ. ಎಣ್ಣೆ ಹಾಕಿದ ಮಸೂರವನ್ನು ಮೆತ್ತನೆ ಬಟ್ಟೆಯಿಂದ ಅದೇ ದಿನ ಒರೆಸಿ. ನಮ್ಮ ಕಡೆಯ ತೇವಕ್ಕೆ ಮಸೂರದ ಮೇಲೂ ಬೂಷ್ಟು ಹಿಡಿಯುತ್ತದೆ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿ.

ಉಳಿದ ಲೋಳೆಯನ್ನು ಚೆಲ್ಲಬೇಡಿ. ಒಂದು ಬಿಳಿ ಸಾಸರಿನಲ್ಲಿ ಸ್ವಲ್ಪ ಬಾವಿನೀರು ಹಾಕಿ, ನಡುವೆ ಕಡಲೆಕಾಳಿನಷ್ಟು ಲೋಳೆ ಇಟ್ಟು, ಕಿಟಕಿಯ ಬಳಿ ಅಲುಗಾಡಿಸದೆ ಇಡಿ. ಒಳಗೆ ಆಸಿಲಟೋರಿಯಾ ಇದ್ದರೆ ಮರುದಿನ ಬೆಳಿಗ್ಗೆ ಆ ಮುದ್ದೆಯಿಂದ ಸುತ್ತಲೂ ತೆಳು ನೀಲಿಹಸಿರು ಎಳೆಗಳು ಹೊರಟು, ಸೂರ್ಯನ ಚಿತ್ರ ಬರೆದ ಹಾಗೆ ಹರಡಿಕೊಂಡಿರುತ್ತವೆ. ಸ್ಕೇಲು ಇಟ್ಟು ಎಷ್ಟು ದೂರ ಹೋಗಿವೆ ಅಂತ ಅಳೆದು, ದಿನಾಂಕ ಹಾಕಿ ಬರೆದಿಡಿ.